ಬೆಂಗಳೂರಿನಲ್ಲಿ ಜಪಾನಿ ಸಂಸ್ಕೃತಿ ಕೂಟ: ಸ್ನೇಹಸಂಘದವರಿಗೊಂದು ಕೈಪಿಡಿ

ಜಪಾನಿ ಸಂಸ್ಕೃತಿಯ ಪರಿಚಯ ಮಾಡಿಸಲು ಹೊರಟ ಸಂಘ ಮೊದಲು ಹುಡುಕುವುದು ವೇದಿಕೆ ಇರುವ ಸಭಾಂಗಣವನ್ನು. ದೀಪ ಬೆಳಗಿಸಿ, ಸ್ವಾಗತ ಕೋರಿ, ಇಬ್ಬರು ಅತಿಥಿಗಳ ಮಾತು ಮುಗಿದು, ಒಂದು ಹಾಡು ಒಂದು ಕುಣಿತ ಆಗುವಷ್ಟರಲ್ಲಿ ಊಟದ ಹೊತ್ತು. ಬಂದವರು ಕೂತು ನೋಡಿ ಎದ್ದು ಹೋಗುತ್ತಾರೆ. ಜಪಾನಿನವರ ಜತೆ ಎರಡು ಮಾತಾಡುವ ಅವಕಾಶ ಸಿಗುವುದು ಮುಂದಿನ ಸಾಲಿನವರಿಗಷ್ಟೇ. ಅದೇ ಜನರನ್ನು ನಾಲ್ಕು ಮೇಜುಗಳ ಸುತ್ತ ಕೂರಿಸಿ ಕೈಗೆ ಕಾಗದ, ಕುಂಚ, ಬಟ್ಟೆ ಕೊಟ್ಟು ನೋಡಿ. ಭಾಷೆ ಬಾರದಿದ್ದರೂ ಮಾತು ತಾನಾಗಿ ಹುಟ್ಟುತ್ತದೆ. ಇಲ್ಲಿ ಹೇಳುವುದೆಲ್ಲ ಅಂಥ ಕೂಟದ ಬಗ್ಗೆ: ಅಪಾರ್ಟ್‌ಮೆಂಟಿನ ಕಮ್ಯುನಿಟಿ ಹಾಲಿನಲ್ಲೋ ಶಾಲೆಯ ಹಜಾರದಲ್ಲೋ ನಡೆಯುವ, 120–130 ಜನ ಬರುವ, ಮೂರು ಗಂಟೆಯ ಕಾರ್ಯಕ್ರಮ.

ದಿನ ಗೊತ್ತುಮಾಡುವುದು

ಜಪಾನಿನ ಹಬ್ಬದ ತಾರೀಖನ್ನು ಹಾಗೇ ಎತ್ತಿ ಇಲ್ಲಿಗೆ ಹಾಕಿದರೆ ತೊಡಕಾಗುತ್ತದೆ. ಹೆಣ್ಣುಮಕ್ಕಳ ಗೊಂಬೆ ಹಬ್ಬ ಹಿನಾಮತ್ಸುರಿ ಮಾರ್ಚ್ 3ಕ್ಕೆ. ನಮ್ಮಲ್ಲಿ ಅದು ಪರೀಕ್ಷೆಯ ಕಾಲ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯಿಂದ ಯಾರೂ ಹೊರಗೆ ಕಾಲಿಡುವುದಿಲ್ಲ. ಫೆಬ್ರುವರಿಯ ಮೂರನೇ ವಾರಕ್ಕೆ ಇಟ್ಟುಕೊಂಡರೆ ಸಂಪ್ರದಾಯಕ್ಕೂ ಧಕ್ಕೆಯಿಲ್ಲ, ಏಕೆಂದರೆ ಜಪಾನಿನ ಮನೆಗಳಲ್ಲಿ ಗೊಂಬೆಗಳನ್ನು ಫೆಬ್ರುವರಿಯಲ್ಲೇ ಕೂರಿಸುತ್ತಾರೆ. ಮಾರ್ಚ್ 3 ಕಳೆದ ಮೇಲೂ ಇಟ್ಟುಕೊಂಡರೆ ಮಗಳ ಮದುವೆ ತಡವಾಗುತ್ತದೆ ಎನ್ನುವ ನಂಬಿಕೆ ಅಲ್ಲಿದೆ. ಹಾಗಾಗಿ ಮುಂಚೆ ಮಾಡಿದರೆ ಯಾರಿಗೂ ಬೇಸರವಿಲ್ಲ, ತಡಮಾಡಿದರೆ ಜಪಾನಿ ಅಜ್ಜಿಯೊಬ್ಬರು ಹುಬ್ಬೇರಿಸಬಹುದು.

ತನಾಬಾತಾದ ತೊಡಕೇ ಬೇರೆ. ಒರಿಹಿಮೆ, ಹಿಕೊಬೊಶಿ ಎಂಬ ನಕ್ಷತ್ರ ಪ್ರೇಮಿಗಳು ವರ್ಷಕ್ಕೊಮ್ಮೆ ಸೇರುವ ಈ ಹಬ್ಬ ಜುಲೈ 7ಕ್ಕೆ. ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿ ನಡೆಯುವುದು ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ, ಬೆಂಗಳೂರೂ ಅದರ ಒಂದು ಕೇಂದ್ರ. ನಿಮ್ಮ ಸ್ವಯಂಸೇವಕರಲ್ಲಿ ಅರ್ಧ ಜನ ಜಪಾನಿ ಕಲಿಯುತ್ತಿರುವ ವಿದ್ಯಾರ್ಥಿಗಳೇ ಆಗಿರುವುದರಿಂದ ಆ ವಾರ ಒಬ್ಬರೂ ಸಿಗುವುದಿಲ್ಲ. ಸೆಂಡಾಯ್ ನಗರದ ಹೆಸರಾಂತ ತನಾಬಾತಾ ನಡೆಯುವುದು ಆಗಸ್ಟ್ 6ರಿಂದ 8ರವರೆಗೆ. ಆ ಲೆಕ್ಕ ಹಿಡಿದು ಆಗಸ್ಟ್ ಮೊದಲ ವಾರಕ್ಕೆ ಇಡಿ, ಮಳೆಗಾಲವಾದ್ದರಿಂದ ಒಳಾಂಗಣದಲ್ಲೇ ಇಡಿ. ಮಾರ್ಚ್ ಕೊನೆ–ಏಪ್ರಿಲ್‌ನಲ್ಲಿ ದೊಡ್ಡದೇನನ್ನೂ ಹಾಕಿಕೊಳ್ಳಬೇಡಿ. ಜಪಾನಿನಲ್ಲಿ ಶಾಲೆಗೂ ಕಂಪನಿಗೂ ಹೊಸ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಬಿಡದಿ, ತುಮಕೂರು ಕಡೆಯ ಕಾರ್ಖಾನೆಗಳಿಗಾಗಿ ಬಂದ ಕುಟುಂಬಗಳಿಗೆ ವರ್ಗಾವಣೆಯಾಗುವುದೂ ಹೆಚ್ಚಾಗಿ ಆಗಲೇ. ಕಳೆದ ಸಲ ಜಪಾನಿ ಉಡುಪು ಯುಕಾತಾ ಉಡಿಸಿದವರು ಈ ಸಲ ಜಪಾನಿನ ನಾಗೋಯಾದಲ್ಲಿರುತ್ತಾರೆ. ಆದ್ದರಿಂದ ಪ್ರತಿ ಕೌಶಲಕ್ಕೂ ಒಬ್ಬ ಬೆಂಗಳೂರಿನವರನ್ನು ಜತೆಯಲ್ಲೇ ತಯಾರು ಮಾಡುತ್ತಿರಬೇಕು.

ಜಪಾನಿನ ಕಾನ್ಸುಲೇಟ್ ಜನರಲ್ ಕಚೇರಿ ಬೆಂಗಳೂರಿನಲ್ಲೇ ಇದೆ. ಪ್ರದರ್ಶನದ ಸಾಮಗ್ರಿ, ಅತಿಥಿ, ಬೆಂಬಲ ಏನು ಬೇಕಿದ್ದರೂ ಎರಡು ತಿಂಗಳು ಮುಂಚೆ ಬರಹದಲ್ಲಿ ಕೇಳಿ. ಊರಿನ ದೊಡ್ಡ ಜಪಾನ್ ಹಬ್ಬದ ದಿನಕ್ಕೆ ನಿಮ್ಮದು ತಾಗದಂತೆ ನೋಡಿಕೊಳ್ಳಿ, ಎರಡಕ್ಕೂ ಬರುವವರು ಅದೇ ಜನ.

ಮೇಜಿನ ಲೆಕ್ಕ

ಎಷ್ಟು ಜನ ಬರುತ್ತಾರೆ ಎಂಬುದಕ್ಕಿಂತ ಎಷ್ಟು ಕುರ್ಚಿ ಎಷ್ಟು ಸಲ ತಿರುಗುತ್ತದೆ ಎಂದು ಲೆಕ್ಕ ಹಾಕಬೇಕು. ಕಾಗದ ಮಡಿಸುವ ಒರಿಗಾಮಿಗೆ 12 ಕುರ್ಚಿ, ಸರದಿಗೆ 30 ನಿಮಿಷ: ಮೂರು ಗಂಟೆಯಲ್ಲಿ 72 ಜನ. ಕುಂಚ ಬರಹಕ್ಕೆ 8 ಕುರ್ಚಿ, 20 ನಿಮಿಷ: ಅಲ್ಲಿಯೂ 72. ಬಟ್ಟೆ ಗಂಟು ಕಟ್ಟುವ ಫುರೋಶಿಕಿಗೆ 10 ಜನ, 20 ನಿಮಿಷ: 90. ಯುಕಾತಾ ಉಡಿಸುವವರು ಇಬ್ಬರಿದ್ದು ಒಬ್ಬೊಬ್ಬರಿಗೆ 12 ನಿಮಿಷ ಹಿಡಿದರೆ 30. ಒಟ್ಟು 264 ಜಾಗ, ಅಂದರೆ 130 ಜನಕ್ಕೆ ತಲೆಗೆ ಎರಡು ಮೇಜು. ಮೂರನೆಯದೂ ಬೇಕು ಎನ್ನುವವರು ಖಾಲಿ ಕುರ್ಚಿಗೆ ಕಾಯಲಿ. ಒರಿಗಾಮಿಗೆ ಆರು ಜನಕ್ಕೊಬ್ಬ, ಕುಂಚಕ್ಕೆ ನಾಲ್ವರಿಗೊಬ್ಬ ಸಹಾಯಕ ಇರಲೇಬೇಕು. ಅದಕ್ಕಿಂತ ಕಡಿಮೆಯಾದರೆ ಹಿಂದೆ ಬಿದ್ದವರು ಕೈಚೆಲ್ಲಿ ಎದ್ದುಬಿಡುತ್ತಾರೆ.

ಬಾಗಿಲಲ್ಲೇ ಬಣ್ಣದ ಟೋಕನ್ ಕೊಡಿ, ಟೋಕನ್ ಮೇಲೆ ಸಮಯ ಬರೆದಿರಲಿ. ಇದರಿಂದ ಇನ್ನೊಂದು ಅನುಕೂಲ: ಹತ್ತೂವರೆಗೆ ಎಂದರೆ ಹನ್ನೊಂದಕ್ಕೆ ಬರುವ ನಮ್ಮ ರೂಢಿಯೂ, ಹತ್ತೂ ಇಪ್ಪತ್ತಕ್ಕೇ ಬಂದು ನಿಲ್ಲುವ ಅವರ ರೂಢಿಯೂ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ಮೊದಲು ಬಂದವರು ಮೊದಲ ಸರದಿಗೆ ಕೂರುತ್ತಾರೆ, ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡವರು ಮೂರನೆಯದಕ್ಕೆ.

ಜಪಾನಿ ಸ್ವಯಂಸೇವಕರಿಗೆ ಒಂದು ಹಾಳೆಯಲ್ಲಿ ನಿಮಿಷದ ಲೆಕ್ಕದ ಕಾರ್ಯಸೂಚಿ ಕೊಡಿ: ಎಷ್ಟು ಹೊತ್ತಿಗೆ ಬರಬೇಕು, ಯಾವ ಮೇಜು, ಪಕ್ಕದಲ್ಲಿ ಯಾರಿರುತ್ತಾರೆ, ಬಿಡುವು ಯಾವಾಗ, ಎಷ್ಟಕ್ಕೆ ಹೊರಡಬಹುದು. 'ಬನ್ನಿ, ನೋಡಿಕೊಳ್ಳೋಣ' ಎಂಬ ನಮ್ಮ ಧೈರ್ಯ ಅವರಿಗೆ ಭಯ. ನಿಂತ ನಿಲುವಿನಲ್ಲಿ ಮೈಕ್ ಕೊಟ್ಟು ಎರಡು ಮಾತಾಡಿ ಎನ್ನುವುದಂತೂ ಬೇಡವೇ ಬೇಡ. ಸನ್ಮಾನವಿಲ್ಲದೆ ನಮ್ಮಲ್ಲಿ ಸಭೆ ಮುಗಿಯದು, ಸರಿ, ಇರಲಿ. ಶಾಲು, ಪೇಟ, ಹಾರ ಎಲ್ಲ ಸೇರಿ ಐದು ನಿಮಿಷ, ಅದೂ ಪೇಟ ತೊಡಿಸುವಾಗ ತಲೆ ಬಗ್ಗಿಸಬೇಕೆಂದು ಅತಿಥಿಗೆ ಮೊದಲೇ ಹೇಳಿಟ್ಟು.

ಒರಿಗಾಮಿ ಮೇಜು

ಇಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಕಾಗದದಲ್ಲಿ. 15 ಸೆಂಟಿಮೀಟರ್ ಚೌಕ, 60ರಿಂದ 80 ಜಿಎಸ್ಎಂ (ಚದರ ಮೀಟರಿಗೆ ಗ್ರಾಂ) ತೂಕ, ಒಂದೇ ಬದಿಗೆ ಬಣ್ಣ. ಚಾರ್ಟ್ ಪೇಪರ್ ದಪ್ಪ, ನಾಲ್ಕು ಪದರ ಬಂದಾಗ ಮಡಿಕೆಯಲ್ಲಿ ಸೀಳುತ್ತದೆ. ಉಡುಗೊರೆಗೆ ಸುತ್ತುವ ಹೊಳಪು ಕಾಗದ ಮಡಿಚಿದಲ್ಲಿ ನಿಲ್ಲದೆ ಎದ್ದು ಬರುತ್ತದೆ. ಅವೆನ್ಯೂ ರಸ್ತೆಯ ಕಾಗದದಂಗಡಿಗಳಲ್ಲಿ ಬಣ್ಣದ ತೆಳು ಹಾಳೆ ಕಟ್ಟುಗಟ್ಟಲೆ ಸಿಗುತ್ತದೆ. ಕತ್ತರಿಸುವುದನ್ನು ಮಾತ್ರ ಮನೆಯಲ್ಲಿ ಕತ್ತರಿ ಹಿಡಿದು ಮಾಡಬೇಡಿ, ಪ್ರೆಸ್ಸಿನ ಕಟಿಂಗ್ ಮೆಷಿನ್ನಿಗೆ ಕೊಡಿ. ಚೌಕದಲ್ಲಿ ಒಂದೆರಡು ಮಿಲಿಮೀಟರ್ ಓರೆಯಾದರೂ ಕೊಕ್ಕರೆಯ ಕೊಕ್ಕಿಗೆ ಬರುವಷ್ಟರಲ್ಲಿ ಅದು ಎದ್ದು ಕಾಣುತ್ತದೆ. ತಲೆಗೆ ಮೂರು ಹಾಳೆ ಲೆಕ್ಕ ಹಾಕಿ: ಒಂದು ಹಾಳಾಗುತ್ತದೆ, ಒಂದು ಸರಿಯಾಗುತ್ತದೆ, ಒಂದು ಮನೆಗೆ ಹೋಗುತ್ತದೆ.

ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಕ್ಕರೆ ಬೇಡ. ದಿನಪತ್ರಿಕೆಯಿಂದ 45–50 ಸೆಂಟಿಮೀಟರ್ ಚೌಕ ಕತ್ತರಿಸಿ ಕಬುತೊ, ಅಂದರೆ ಸಮುರಾಯ್ ಶಿರಸ್ತ್ರಾಣ, ಮಾಡಿಸಿ. ಹತ್ತು ನಿಮಿಷದಲ್ಲಿ ಮುಗಿದು ತಲೆಗೇರುತ್ತದೆ. ಮೇ 5ರ ಮಕ್ಕಳ ದಿನಕ್ಕೆ ಜಪಾನಿನಲ್ಲೂ ಇದನ್ನೇ ಮಾಡುತ್ತಾರೆ.

ದೊಡ್ಡವರಿಗೆ ಕೊಕ್ಕರೆ, ತ್ಸುರು. ಬಣ್ಣದ ಬದಿ ಮೇಲಿಟ್ಟು ಮೂಲೆಯಿಂದ ಮೂಲೆಗೆ ಎರಡು ಓರೆ ಮಡಿಕೆ ಹಾಕಿ ಬಿಚ್ಚಬೇಕು. ಹಾಳೆ ತಿರುಗಿಸಿ ಬಿಳಿ ಬದಿಯಲ್ಲಿ ಅಡ್ಡಕ್ಕೊಂದು, ಉದ್ದಕ್ಕೊಂದು. ಈಗ ನಾಲ್ಕು ಮೂಲೆಗಳನ್ನು ಒಟ್ಟಿಗೆ ತಂದರೆ ಹಾಳೆ ತಾನೇ ಸಣ್ಣ ಚೌಕವಾಗಿ ಕೂರುತ್ತದೆ. ಕೂರಲಿಲ್ಲ ಎಂದರೆ ನಾಲ್ಕೂ ಮಡಿಕೆಗಳನ್ನು ಒಂದೇ ಬದಿಯಲ್ಲಿ ಹಾಕಿದ್ದಾರೆ ಎಂದೇ ಅರ್ಥ; ಮೇಜಿನಲ್ಲಿ ಆಗುವ ಗಲಿಬಿಲಿಯಲ್ಲಿ ಹೆಚ್ಚಿನ ಪಾಲು ಇದೊಂದೇ. ಎರಡನೇ ಎಡವಟ್ಟು ಮುಂದಿನ ಹೆಜ್ಜೆಯಲ್ಲಿ. ಪದರಗಳು ಬಿಚ್ಚಿಕೊಳ್ಳುವ ತುದಿ ನಮ್ಮ ಹೊಟ್ಟೆಯ ಕಡೆಗಿರಬೇಕು, ಅಲ್ಲಿಂದ ಎರಡೂ ಅಂಚನ್ನು ನಡುಗೆರೆಗೆ ತರಬೇಕು. ಮುಚ್ಚಿದ ತುದಿಯಿಂದ ಶುರುಮಾಡಿದರೆ ರೆಕ್ಕೆ ಮೇಲೇಳುವ ಘಟ್ಟದಲ್ಲಿ ಕಾಗದ ಹರಿಯುತ್ತದೆ. ಮೂರನೆಯದು ಕೊನೆಗೆ: ನಡುವೆ ಸೀಳಿರುವ ಎರಡು ಕಡ್ಡಿಯಂಥ ಭಾಗ ಕುತ್ತಿಗೆ ಮತ್ತು ಬಾಲ, ಸೀಳಿಲ್ಲದ ಅಗಲ ಭಾಗ ರೆಕ್ಕೆ. ಇವು ಅದಲುಬದಲಾದರೆ ಹಕ್ಕಿಗೆ ನಾಲ್ಕು ಕಾಲು ಬರುತ್ತದೆ, ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾಗುವುದೂ ಉಂಟು. ಸಹಾಯಕರು 30 ಸೆಂಟಿಮೀಟರಿನ ದೊಡ್ಡ ಹಾಳೆಯಲ್ಲಿ, ಕೂತವರ ದಿಕ್ಕಿಗೇ ಮುಖ ಮಾಡಿ ತೋರಿಸಲಿ. ಎದುರು ನಿಂತರೆ ಎಡಬಲ ತಿರುಗುಮುರುಗಾಗುತ್ತದೆ.

ಹಿರೋಶಿಮಾ ದಿನವಾದ ಆಗಸ್ಟ್ 6ರ ಆಸುಪಾಸು ಕೊಕ್ಕರೆ ಮಡಿಸುವವರಿಗೆ ಸದಾಕೊ ಸಸಾಕಿಯ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ಹಿರೋಶಿಮಾದ ಅಣುಬಾಂಬ್ ದಾಳಿಗೆ ಸಿಕ್ಕಿ, ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರಿನಿಂದ 1955ರಲ್ಲಿ ತೀರಿಕೊಂಡ ಹುಡುಗಿ. ಆಸ್ಪತ್ರೆಯಲ್ಲಿ ಕೊಕ್ಕರೆ ಮಡಿಸುತ್ತಿದ್ದಳು. ಅವಳ ನೆನಪಿನ ಮಕ್ಕಳ ಶಾಂತಿ ಸ್ಮಾರಕ ಅಲ್ಲಿ ಎದ್ದದ್ದು 1958ರಲ್ಲಿ. ಹುಟ್ಟುಹಬ್ಬದ ಗದ್ದಲದಂಥ ಮೇಜಿನಲ್ಲಿ ಇದನ್ನು ಹೇಳಬೇಡಿ, ಹೇಳುವುದಾದರೆ ಬೇರೆ ಮೂಲೆ ಇರಲಿ.

ಕುಂಚ ಬರಹ

ಜಪಾನಿ ಕುಂಚ ಬರಹ ಶೋದೋಗೆ ಬೇಕಾದ್ದು ಕುಂಚ, ಮಸಿ, ಕಾಗದ, ಕಾಗದದ ಕೆಳಗೆ ಹಾಸುವ ಫೆಲ್ಟ್ ಬಟ್ಟೆ, ಮೇಲಿಡುವ ತೂಕದ ಪಟ್ಟಿ. ಅಲ್ಲಿನ ಅಭ್ಯಾಸದ ಹಾಳೆ ಹಾನ್‌ಶಿ ಸುಮಾರು 24 × 33 ಸೆಂಟಿಮೀಟರ್. ಸಿಗದಿದ್ದರೆ ಅಚ್ಚಿಗೆ ಬಳಸುವ ಖಾಲಿ ನ್ಯೂಸ್‌ಪ್ರಿಂಟ್ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿಕೊಳ್ಳಿ. ಜೆರಾಕ್ಸ್ ಹಾಳೆ ಮಸಿ ಹೀರುವುದಿಲ್ಲ, ಗೆರೆ ಮೇಲೆಯೇ ಕೂತು ಮಿನುಗುತ್ತದೆ. ಕುಂಚ ಒತ್ತಿದ್ದೆಲ್ಲಿ, ಎತ್ತಿದ್ದೆಲ್ಲಿ ಎಂಬುದು ಕಾಣುವುದೇ ಇಲ್ಲ.

ಸುಮಿ ಮಸಿ ಕಾಡಿಗೆಯಂತೆ ಹೊಗೆಮಸಿಯಿಂದ ಆದದ್ದು. ಬಟ್ಟೆಗೆ ತಾಗಿದರೆ ಯಾವ ಸೋಪಿಗೂ ಬಗ್ಗದು. ಭಾನುವಾರದ ಕೂಟಕ್ಕೆ ರೇಷ್ಮೆ ಉಟ್ಟು ಬರುವವರಿರುತ್ತಾರೆ, ಆದ್ದರಿಂದ ಮಕ್ಕಳ ಸರದಿಗೆ ಕಪ್ಪು ಪೋಸ್ಟರ್ ಕಲರನ್ನು ಹಾಲಿನಷ್ಟು ತೆಳುವಾಗಿ ಕಲಸಿ ಕೊಡಿ, ನಿಜವಾದ ಸುಮಿ ದೊಡ್ಡವರಿಗೆ ಮಾತ್ರ. ಏಪ್ರನ್ ಹತ್ತಾದರೂ ಇರಲಿ. ನೀರು ತಾಗದ ಡ್ರಾಯಿಂಗ್ ಇಂಕ್ ಬೇಡ, ಅದು ಕುಂಚದ ಬುಡದಲ್ಲಿ ಒಣಗಿ ಕೂದಲನ್ನು ಕಡ್ಡಿ ಮಾಡುತ್ತದೆ. ಸುಮಿಯಲ್ಲಿ ಪ್ರಾಣಿಮೂಲದ ಅಂಟು ಇರುವುದು ಸಾಮಾನ್ಯ, ಕೇಳಿದವರಿಗೆ ಮರೆಮಾಚದೆ ಹೇಳಿ. ಹೊಸ ಕುಂಚದ ತುದಿ ಗಟ್ಟಿಯಾಗಿರುತ್ತದೆ. ಹಿಂದಿನ ದಿನವೇ ಬೆಚ್ಚನೆ ನೀರಿನಲ್ಲಿ ಮೂರರಲ್ಲಿ ಎರಡು ಪಾಲು ಬಿಡಿಸಿಟ್ಟುಕೊಳ್ಳಬೇಕು.

ಕುಂಚ ನೆಟ್ಟಗೆ ನಿಲ್ಲಬೇಕು, ಮೊಣಕೈ ಮೇಜಿಗೆ ಊರಬಾರದು. ಮೊದಲು 'ಒಂದು' ಎನ್ನುವ ಒಂದೇ ಅಡ್ಡಗೆರೆಯ ಅಕ್ಷರ, ಆಮೇಲೆ ಎರಡು ಗೆರೆಯ 'ಮನುಷ್ಯ', ಮೂರು ಗೆರೆಯ 'ನದಿ' ಮತ್ತು 'ಬೆಟ್ಟ', ನಾಲ್ಕರ 'ಮರ'. ಗೆರೆಯ ಕೊನೆ ಮೂರು ಬಗೆ: ನಿಲ್ಲಿಸುವುದು, ಚಿಮ್ಮಿಸುವುದು, ಗುಡಿಸಿದಂತೆ ಎಳೆದು ಬಿಡುವುದು. ಈ ಮೂರನ್ನು ಬಿಡಿಬಿಡಿಯಾಗಿ ಐದು ನಿಮಿಷ ಮಾಡಿಸಿದರೆ ಉಳಿದ ಹದಿನೈದು ನಿಮಿಷ ಸಲೀಸು.

ಎಲ್ಲರೂ ಕೇಳುವುದು ತಮ್ಮ ಹೆಸರನ್ನು. ಹೆಸರನ್ನು ಕತಾಕಾನಾದಲ್ಲಿ, ಅಂದರೆ ಹೊರದೇಶದ ಹೆಸರುಗಳಿಗೆ ಬಳಸುವ ಜಪಾನಿ ಲಿಪಿಯಲ್ಲಿ ಬರೆಯಬೇಕು. ಇಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವಿದೆ: ಜಪಾನಿ ಅಕ್ಷರಪಟ್ಟಿಯ ಕ್ರಮ ಬಂದದ್ದು ಸಂಸ್ಕೃತ ಅಕ್ಷರಾಭ್ಯಾಸದ ಪ್ರಭಾವದಿಂದ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಕನ್ನಡ ಅಕ್ಷರದ ಪಕ್ಕ ಕತಾಕಾನಾ ಇಟ್ಟು ಒಂದು ಗೋಡೆಪಟ ಮಾಡಿ ಹಾಕಿದರೆ ಹತ್ತು ವರ್ಷದ ಹುಡುಗಿ ತಾನೇ ಹುಡುಕಿ ಬರೆದುಕೊಳ್ಳುತ್ತಾಳೆ. ಜಪಾನಿ ಸಹಾಯಕರಿಗೆ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸಬೇಡಿ, ಬಾಯಲ್ಲಿ ಹೇಳಿ. ಲತಾ, ಗೀತಾ ಎಂಬುದಕ್ಕೆ ನಾವು ಇಂಗ್ಲಿಷಿನಲ್ಲಿ ಹಾಕುವ ಹಕಾರ ನೋಡಿ ಅವರು 'ಸ' ಎಂದು ಓದಿ ಗೀಸಾ ಮಾಡಿಬಿಡುತ್ತಾರೆ. ಲ, ಳ, ರ ಮೂರಕ್ಕೂ ಅಲ್ಲಿ ಒಂದೇ ಸಾಲು. ಒತ್ತಕ್ಷರಕ್ಕೆ ನಡುವೆ ಸ್ವರ ಸೇರುತ್ತದೆ: ಕೃಷ್ಣ ಕುರಿಷುನಾ ಆಗುತ್ತಾನೆ. ಮೇಲಿನಿಂದ ಕೆಳಕ್ಕೆ ಬರೆಯುವಾಗ ದೀರ್ಘದ ಅಡ್ಡಗೆರೆಯೂ ನಿಂತ ಗೆರೆಯಾಗಬೇಕು, ಇದನ್ನು ಕಲಿಯುವವರೂ ಮರೆಯುತ್ತಾರೆ.

ಫುರೋಶಿಕಿ, ಅಥವಾ ಅಲಮಾರಿಯ ಬ್ಲೌಸ್ ಪೀಸ್‌ಗಳಿಗೆ ಒಂದು ಗತಿ

ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಜನ ಮುಗಿಬೀಳುವ ಮೇಜು ಇದು. ಬುತ್ತಿಗಂಟು ಕಟ್ಟಿ ಬಲ್ಲ ನಾಡಿಗೆ ಬಟ್ಟೆಯಲ್ಲಿ ಸಾಮಾನು ಕಟ್ಟುವುದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಕಲಿಸಬೇಕಾದ್ದು ಗಂಟಿನ ಶಿಸ್ತನ್ನು. ಅರಿಶಿನ ಕುಂಕುಮದ ಜತೆ ಬಂದು ಪ್ರತಿ ಮನೆಯಲ್ಲೂ ಪೇರಿಸಿಟ್ಟಿರುವ ಬ್ಲೌಸ್ ಪೀಸ್‌ಗಳನ್ನು ತನ್ನಿ ಎಂದು ಆಹ್ವಾನದಲ್ಲೇ ಬರೆಯಿರಿ. ಹತ್ತಿಯದು ಬೇಕು, ಪಾಲಿಯೆಸ್ಟರ್ ಜಾರುತ್ತದೆ. ಹೊಸದರ ಗಂಜಿ ಹೋಗುವಂತೆ ಒಮ್ಮೆ ತೊಳೆದಿರಬೇಕು. 70 ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿ ಅಂಚು ಹೊಲಿಸಿ. ಕಟ್ಟುವ ಡಬ್ಬಿಯ ಉದ್ದದ ಮೂರರಷ್ಟು ಬಟ್ಟೆಯ ಕರ್ಣ ಇರಬೇಕು. 70ರ ಚೌಕಕ್ಕೆ ಕರ್ಣ 99, ಆದ್ದರಿಂದ 33 ಸೆಂಟಿಮೀಟರ್‌ವರೆಗಿನ ಡಬ್ಬಿ. ಚೌಕವಿಲ್ಲದಿದ್ದರೆ ಗಂಟಿನಿಂದ ಹೊರಬರುವ ತುದಿಗಳಲ್ಲಿ, ಅಂದರೆ ಕಿವಿಗಳಲ್ಲಿ, ಒಂದು ಉದ್ದ ಒಂದು ಗಿಡ್ಡವಾಗಿ ಗಂಟು ಓರೆಯಾಗುತ್ತದೆ.

ಮಾಮುಸುಬಿ ಗಂಟು: ಮೊದಲ ಸುತ್ತಿನಲ್ಲಿ ಎಡದ ತುದಿ ಬಲದ ಮೇಲೆ, ಎರಡನೆಯದರಲ್ಲಿ ಬಲದ್ದು ಎಡದ ಮೇಲೆ. ಸರಿಯಾಗಿದ್ದರೆ ಕಿವಿಗಳು ಗಂಟಿನ ಎರಡು ಪಕ್ಕಕ್ಕೆ ಮಲಗುತ್ತವೆ. ಎರಡೂ ಸಲ ಒಂದೇ ಕಡೆ ಸುತ್ತಿದರೆ ಒಂದು ಮೇಲೆ ಒಂದು ಕೆಳಗೆ ನಿಲ್ಲುತ್ತವೆ. ಅಂಥ ಗಂಟು ಭಾರಕ್ಕೆ ಜಾರುತ್ತದೆ, ಬಿಚ್ಚಹೋದರೆ ಬಿಗಿಯುತ್ತದೆ. ಸರಿಯಾದ ಗಂಟಿನ ಒಂದು ಕಿವಿಯನ್ನು ಹಿಂದಕ್ಕೆ ಜಗ್ಗಿ ನೆಟ್ಟಗೆ ಮಾಡಿದರೆ ಇನ್ನೊಂದರ ಸುರುಳಿ ಸರ್ರನೆ ಕಳಚಿ ಬರುತ್ತದೆ. ಇದನ್ನು ತೋರಿಸಿದಾಗಲೇ ಮೇಜಿನಲ್ಲಿ 'ಓಹೋ' ಏಳುವುದು.

ಯುಕಾತಾ

ಹತ್ತಿಯ ಬೇಸಗೆ ಉಡುಪು ಯುಕಾತಾ ಸಾಕು, ಕಿಮೋನೊದ ತಂಟೆಗೆ ಹೋಗಬೇಡಿ. ಆಹ್ವಾನದಲ್ಲಿ ಲೆಗ್ಗಿಂಗ್ಸ್, ಟೀಶರ್ಟ್ ಹಾಕಿ ಬನ್ನಿ ಎಂದು ಬರೆಯಿರಿ. ಸೀರೆಯ ಮೇಲೆ ಉಡಿಸಲು ಬರುವುದಿಲ್ಲ. ಹೆಂಗಸರದ್ದರ ಉದ್ದ ಅವರ ಎತ್ತರದಷ್ಟೇ ಇದ್ದರೆ ಸರಿ, ಹೆಚ್ಚಾದದ್ದನ್ನು ಸೊಂಟದಲ್ಲಿ ಎತ್ತಿ ಮಡಿಚಿ ದಾರ ಕಟ್ಟುತ್ತಾರೆ. ಗಂಡಸರಿಗೆ ಆ ಮಡಿಕೆ ಇಲ್ಲ, ಹೆಗಲಿನಿಂದ ಕಣಕಾಲಿಗೆ ಬರಬೇಕು, ಸೊಂಟಪಟ್ಟಿ ಒಬಿ ಹೊಟ್ಟೆಯ ಕೆಳಗೆ ಕೂರಬೇಕು. ಎದೆಯೆತ್ತರಕ್ಕೆ ಕಟ್ಟಿದರೆ ಹುಡುಗರು ಅಂಗವಸ್ತ್ರ ಸುತ್ತಿದ ಪುಟಾಣಿಗಳಂತೆ ಕಾಣುತ್ತಾರೆ.

ಮುರಿಯಬಾರದ ನಿಯಮ ಒಂದೇ. ಉಟ್ಟವರ ಎಡಭಾಗ ಮೇಲೆ, ಬಲಭಾಗ ಒಳಗೆ. ಗಂಡಾಗಲಿ ಹೆಣ್ಣಾಗಲಿ ಇದೇ. ಬಲಭಾಗ ಮೇಲೆ ಬರುವುದು ಶವಕ್ಕೆ ಉಡಿಸುವಾಗ. ಪರೀಕ್ಷೆ ಸುಲಭ: ಉಟ್ಟವರ ಬಲಗೈ ಎದೆಯ ಮಡಿಕೆಯೊಳಗೆ ನೇರ ಹೋಗಬೇಕು. ಆಮೇಲೆ ಒಂದು ವಿಚಿತ್ರ ತಾಪತ್ರಯ ಬರುತ್ತದೆ: ಸೆಲ್ಫಿ ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತಿರುಗಿಸುವುದರಿಂದ ಸರಿಯಾಗಿ ಉಟ್ಟದ್ದೂ ತಪ್ಪಾಗಿ ಕಾಣುತ್ತದೆ, ಆ ಫೋಟೊ ಜಪಾನಿ ಗೆಳೆಯರಿಗೆ ಹೋದರೆ ಮುಜುಗರ. ಹಿಂದಿನ ಕ್ಯಾಮೆರಾದಲ್ಲಿ ತೆಗೆಯಲು ಒಬ್ಬ ಹುಡುಗನನ್ನು ಅಲ್ಲೇ ನಿಲ್ಲಿಸಿ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಮರೆ, ಪ್ರತಿ ಮರೆಯಲ್ಲಿ ನಿಲುವುಗನ್ನಡಿ. ಮಾಮೂಲಿ ಚಪ್ಪಲಿ ಸಾಕು.

ಊಟ, ಟೀ

ಸೋನಾಮಸೂರಿಯಲ್ಲಿ ಜಪಾನಿ ಅನ್ನದುಂಡೆ ಒನಿಗಿರಿ ಮಾಡಬಹುದೇ ಎಂದು ಕೇಳದವರಿಲ್ಲ. ಆಗದು. ಅದರಲ್ಲಿ ಅಮೈಲೋಸ್ ಪಿಷ್ಟ ಹೆಚ್ಚು, ಅಗುಳು ಬಿಡಿಬಿಡಿಯಾಗಿ ನಿಲ್ಲಲೆಂದೇ ನಾವು ಅದನ್ನು ಮೆಚ್ಚುವುದು. ಗಿಡ್ಡಕಾಳಿನ ಜಪಾನಿ ತಳಿಯ ಅಕ್ಕಿಯೇ ಬೇಕು. ತಲಾ 80 ಗ್ರಾಮಿನ 60 ಉಂಡೆಗೆ 2.2 ಕಿಲೊ ಅಕ್ಕಿ. ನೀರು ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆ ನೆನೆಸಿ, ಬಸಿದು, ಅಕ್ಕಿಯ ಅಳತೆಯ 1.1ರಿಂದ 1.2ರಷ್ಟು ನೀರಿಟ್ಟು ಬೇಯಿಸಿ, ಕಾಲು ಗಂಟೆ ಮುಚ್ಚಿಡಿ. ಕೈಗವಸು ಹಾಕಿ ಕಟ್ಟುವುದರಿಂದ ಉಪ್ಪನ್ನು ಅನ್ನಕ್ಕೇ ಬೆರೆಸಿ, ಕಿಲೊ ಅನ್ನಕ್ಕೆ ಒಂದು ಚಮಚ. ಬಿಸಿಯಿರುವಾಗಲೇ ಕಟ್ಟಿ. ನಡುವೆ ಉಪ್ಪಿನಕಾಯಿ ಇಡುವ ಆಸೆಯಾದರೆ ಎಣ್ಣೆ ಹಿಂಡಿ ತೆಗೆಯಿರಿ, ಎಣ್ಣೆ ಸೋಕಿದ ಅನ್ನ ಒಡೆಯುತ್ತದೆ. ನೋರಿ ಎಂಬ ಕಡಲಕಳೆಯ ಹಾಳೆಯನ್ನು ತಿನ್ನುವ ಹೊತ್ತಿಗೆ ಸುತ್ತಿ. ಫ್ರಿಜ್ಜಿನಲ್ಲಿಟ್ಟರೆ ಅನ್ನ ಕಲ್ಲಾಗುತ್ತದೆ, ಹೊರಗೇ ಬಿಟ್ಟರೆ ಹಳಸುತ್ತದೆ. ಕಟ್ಟಿದ ಎರಡು ಗಂಟೆಯೊಳಗೆ ಬಡಿಸಿ ಮುಗಿಸಬೇಕು.

ಸಸ್ಯಾಹಾರದ ವಿಷಯದಲ್ಲಿ ಎಚ್ಚರ ತಪ್ಪುವುದು ಕಣ್ಣಿಗೆ ಕಾಣದ ಕಡೆ. ದಾಶಿ ಎಂಬ ಸಾರದಲ್ಲಿ ಸಾಮಾನ್ಯವಾಗಿ ಒಣಮೀನು ಇರುತ್ತದೆ. ಹುದುಗಿಸಿದ ಸೋಯಾ ಮುದ್ದೆ ಮಿಸೊದ ಪ್ಯಾಕೆಟ್ ಸೂಪಿನಲ್ಲಿ, ದಾಶಿ ಬೆರೆಸಿದ ಮಿಸೊದಲ್ಲಿ, ಅನ್ನದ ಮೇಲೆ ಉದುರಿಸುವ ಬಹುಪಾಲು ಫುರಿಕಾಕೆಯಲ್ಲಿ ಅದೇ. ಅಡುಗೆಗೆ ಹಾಕುವ ಸಿಹಿ ದ್ರವ ಮಿರಿನ್‌ನಲ್ಲಿ ಮದ್ಯಾಂಶ, ಸೋಯಾ ಸಾಸಿನಲ್ಲಿ ಗೋಧಿ. ಜಪಾನಿ ಗೆಳೆಯರು 'ಇದು ವೆಜ್' ಎಂದರೆ ತುಂಡು ಮಾಂಸ ಇಲ್ಲ ಎಂದಷ್ಟೇ ಅರ್ಥವಾಗಬಹುದು, ಆದ್ದರಿಂದ ಪ್ಯಾಕೆಟ್ಟಿನ ಹಿಂಭಾಗವನ್ನು ಓದಬಲ್ಲವರಿಂದ ಓದಿಸಿ. ದಾಶಿಯನ್ನು ನೀವೇ ಮಾಡಿ: ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು ಕಡಲಕಳೆ, ನಾಲ್ಕೈದು ಒಣ ಶಿಟಾಕೆ ಅಣಬೆ ರಾತ್ರಿಯೆಲ್ಲ ನೆನೆಸಿ, ಕಾಯಿಸುವಾಗ ಕುದಿಯುವ ಮುಂಚೆ ಕೊಂಬು ತೆಗೆದುಬಿಡಿ, ಇಲ್ಲವಾದರೆ ಲೋಳೆ ಬಿಡುತ್ತದೆ. ಮಿಸೊ ಲೀಟರಿಗೆ 80 ಗ್ರಾಂ, ಉರಿ ಆರಿಸಿದ ಮೇಲೆ. ಪ್ರತಿ ತಟ್ಟೆಯ ಮುಂದೆ ಒಳಗೇನಿದೆ ಎಂಬ ಕನ್ನಡ ಚೀಟಿ ಇರಲಿ. ತಿಂಡಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಇರುವವರಿಗೇ ವಹಿಸಿ.

ಹಸಿರು ಟೀ ಪುಡಿ ಮಾಚ್ಚಾ ಒಂದು ಬಟ್ಟಲಿಗೆ 2 ಗ್ರಾಂ, ನೀರು 70 ಮಿಲಿಲೀಟರ್, ಬಿಸಿ ಸುಮಾರು 80 ಡಿಗ್ರಿ. 30 ಗ್ರಾಮಿನ ಡಬ್ಬಿ 15 ಬಟ್ಟಲಿಗೆ, ಅಷ್ಟೆ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುದಿದದ್ದನ್ನು ಪಾತ್ರೆಯಿಂದ ಪಾತ್ರೆಗೆ ಎರಡು ಸಲ ಸುರಿದರೆ ಹದಕ್ಕೆ ಬರುತ್ತದೆ. ಪುಡಿಯನ್ನು ಜರಡಿ ಹಿಡಿಯದಿದ್ದರೆ ಗಂಟು ಕಟ್ಟುತ್ತದೆ, ಬಿದಿರಿನ ಕಡೆಗೋಲು ಚಾಸೆನ್ ಅನ್ನು ಮೊದಲು ಬಿಸಿನೀರಿನಲ್ಲಿ ನೆನೆಸದಿದ್ದರೆ ಎಳೆ ಮುರಿಯುತ್ತದೆ. ಸ್ಟೀಲ್ ಲೋಟ ಬೇಡ, ತಳ ಕಿರಿದು; 12 ಸೆಂಟಿಮೀಟರ್ ಅಗಲದ ಪಿಂಗಾಣಿ ಬಟ್ಟಲಾದರೆ ಮಣಿಕಟ್ಟು ಆಡುತ್ತದೆ.

ಟೀಗೆ ಮೊದಲು ಸಿಹಿ ಕೊಡಬೇಕು. ಅಜುಕಿ ಎಂಬ ಸಣ್ಣ ಕೆಂಪು ಕಾಳು ಸಿಗದಿದ್ದರೆ ಅಲಸಂದೆ ಆಗುತ್ತದೆ, ಜಪಾನಿನಲ್ಲೂ ಕೆಂಪನ್ನಕ್ಕೆ ಅಜುಕಿಯ ಬದಲು ಅಲಸಂದೆ ಹಾಕುವುದುಂಟು. 250 ಗ್ರಾಂ ಕಾಳು ನೆನೆಸಿ, ಒಂದು ಕುದಿ ಬಂದ ನೀರು ಚೆಲ್ಲಿ, ಹೊಸ ನೀರಲ್ಲಿ ಮೆತ್ತಗೆ ಬೇಯಿಸಿ ಅರೆದು, 200 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು ಸೇರಿಸಿ, ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಮುಚ್ಚಿಕೊಳ್ಳದಷ್ಟು ಗಟ್ಟಿ ಮಾಡಿ. 25 ಗ್ರಾಮಿನ 20 ಉಂಡೆ ಧಾರಾಳ. ಏಲಕ್ಕಿ ಹಾಕಬೇಡಿ. ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತದೆ, ತಡೆಯಿರಿ. ಹಾಕಿದರೆ ಅದು ಹೋಳಿಗೆಯ ಹೂರಣ.

ಗೊಂಬೆ ಮತ್ತು ಬಿದಿರು

ಹಿನಾ ಗೊಂಬೆಗಳ ಪೂರ್ಣ ಜೋಡಣೆ ಕೆಂಪು ಬಟ್ಟೆ ಹಾಸಿದ ಏಳು ಮೆಟ್ಟಿಲು: ಮೇಲೆ ಚಕ್ರವರ್ತಿ, ಚಕ್ರವರ್ತಿನಿ, ಕೆಳಗೆ ಮೂವರು ಸೇವಕಿಯರು, ಅದರ ಕೆಳಗೆ ಐವರು ವಾದ್ಯದವರು. ದಸರಾ ಗೊಂಬೆ ಕೂರಿಸುವ ಮನೆಯವರಿಗೆ ಇದನ್ನು ವಿವರಿಸಲೇಬೇಕಿಲ್ಲ. ನಿಮ್ಮ ಪಟ್ಟದ ಗೊಂಬೆಗಳನ್ನು ತಂದು ಪಕ್ಕದಲ್ಲಿ ಕೂರಿಸಿ ಎಂದು ನಾಲ್ಕು ಮನೆಯವರಿಗೆ ಹೇಳಿದರೆ ಸಾಕು, ವಿವರಣೆ ಎರಡೂ ಕಡೆಯಿಂದ ಶುರುವಾಗುತ್ತದೆ. ಮಕ್ಕಳ ಕೈಗೆ ಕೊಡಲು ಚನ್ನಪಟ್ಟಣದಿಂದ ಅರಗಿನ ಬಣ್ಣ ಹಚ್ಚದ, ಕಡಚಲಿನಲ್ಲಿ ತಿರುಗಿಸಿದ ಬೊಡ್ಡೆ ಗೊಂಬೆಗಳನ್ನು ಹೇಳಿ ಮಾಡಿಸಿ. ಜಪಾನಿನ ಕೊಕೆಶಿಯೂ ಕೈಕಾಲಿಲ್ಲದ ಇಂಥದೇ ಕಡಚಲು ಗೊಂಬೆ. ಅರಗು ಹಚ್ಚಿದ್ದಾದರೆ ನೀರುಬಣ್ಣ ಹಿಡಿಯದು. ಖಾಲಿ ಮರಕ್ಕೆ ಆಕ್ರಿಲಿಕ್ ಬಳಸಿ.

ತನಾಬಾತಾದಲ್ಲಿ ಆಸೆ ಬರೆದು ಕಟ್ಟುವ ಚೀಟಿ ತನ್‌ಜಾಕುಗೆ ಎ4 ಬಣ್ಣದ ಹಾಳೆಯನ್ನು ನಾಲ್ಕು ಪಟ್ಟಿ ಮಾಡಿದರೆ ಅಳತೆ ಸರಿಹೋಗುತ್ತದೆ. ಹಸಿ ಬಿದಿರು ಕಡಿದು ತಂದರೆ ಎಲೆ ಅಂದೇ ಸುರುಟಿಕೊಳ್ಳುತ್ತದೆ, ಬ್ಯಾಂಬೂ ಬಜಾರಿನಲ್ಲಿ ಸಿಗುವುದು ಎಲೆಯಿಲ್ಲದ ಒಣ ಗಳ. ನರ್ಸರಿಯಿಂದ ಕುಂಡದ ಬಿದಿರನ್ನು ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ಆಸೆಗಳು ಕನ್ನಡದಲ್ಲೇ ಇರಲಿ, ಅರ್ಧಕ್ಕರ್ಧ ಸಿಇಟಿ ರ್‍ಯಾಂಕೇ ಆಗಿದ್ದರೂ ಚಿಂತೆಯಿಲ್ಲ. ಕೊನೆಗೆ ಬೊನ್ ಒದೊರಿ ವೃತ್ತ ಕುಣಿತ ಹಾಕಿಕೊಂಡರೆ ಕಲ್ಲಿದ್ದಲು ಗಣಿಯ ತಂಕೋ ಬುಶಿ ಆಯ್ದುಕೊಳ್ಳಿ. ಅಗೆ, ಹೊರು, ಹಿಂದೆ ಸರಿ, ತಳ್ಳು, ಚಪ್ಪಾಳೆ ಎಂದು ಐದು ನಿಮಿಷದಲ್ಲಿ ಕಲಿಸಬಹುದು.

ಕಾಗದಪತ್ರ

ಸಂಘ ನೋಂದಾಯಿಸಲು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಕನಿಷ್ಠ ಏಳು ಜನ ಬೇಕು. ಸ್ನೇಹಸಂಘಗಳು ಸಿಕ್ಕಿಬೀಳುವುದು ದೇಣಿಗೆಯಲ್ಲಿ. ಎಫ್‌ಸಿಆರ್‌ಎ ಎಂದು ಕರೆಯುವ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ವಿದೇಶಿ ಪ್ರಜೆ ಇಲ್ಲೇ ಇದ್ದು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ. ಬೀಳ್ಕೊಡುವಾಗ ಪ್ರೀತಿಯಿಂದ ಕೊಡುವ ಲಕೋಟೆಗೂ ಇದು ಅನ್ವಯ. ವಸ್ತುಗಳಿಗೂ ನಿಯಮವಿದೆ, ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ. ಬಯಲಿನಲ್ಲಿ ಧ್ವನಿವರ್ಧಕ ಹಾಕುವುದಾದರೆ ಪೊಲೀಸರ ಅನುಮತಿ ಬೇಕು, ರಾತ್ರಿ 10ರ ಮೇಲೆ ಇಲ್ಲವೇ ಇಲ್ಲ.

ಕೂಟ ಮುಗಿದ ಸಂಜೆಯ ಕೆಲಸವನ್ನು ಯಾರಿಗಾದರೂ ಹೆಸರಿಟ್ಟು ವಹಿಸಿ. ಕುಂಚಗಳನ್ನು ಸೋಪು ಹಾಕದೆ ತೊಳೆದು ತುದಿ ಕೆಳಗಾಗಿ ತೂಗುಹಾಕಬೇಕು. ಚಾಸೆನ್ ತೊಳೆದು ಗಾಳಿಗೆ ಒಣಗಿಸಬೇಕು, ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು. ತನ್‌ಜಾಕುಗಳನ್ನು ಜಪಾನಿನಲ್ಲಿ ಸುಡುತ್ತಿದ್ದರು, ಹೊಳೆಗೆ ಬಿಡುತ್ತಿದ್ದರು. ಇಲ್ಲಿ ಎರಡೂ ಬೇಡ, ದಾರ ಬಿಡಿಸಿ ಕಾಗದವನ್ನು ಒಣಕಸಕ್ಕೆ ಹಾಕಿ. ಯುಕಾತಾಗಳನ್ನು ಒಗೆದು ನೆರಳಲ್ಲಿ ಪೂರಾ ಒಣಗಿಸಿ, ಹೊಲಿಗೆಯ ಗೆರೆ ಹಿಡಿದು ಮಡಿಸಿ, ಹಳೇ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಜುಲೈ ಹೊತ್ತಿಗೆ ಕಪ್ಪು ಚುಕ್ಕೆ ಬಂದಿರುತ್ತದೆ, ಅದು ಹೋಗುವುದಿಲ್ಲ.